ನಮ್ಮ ಮನ್ಯಾಗ ಜನರೇಟರ್ ಇಲ್ರೀ

ಕಂಬದ ಮೇಲೆ ಖಾಜಾ ಮಾಮು ಹಿಡಿದಿದ್ದ ತಂತಿಗೆ ಕರೆಂಟು ಬಿಟ್ಟವನು ನಾನು. ಕಮಲಾಪುರದ ಸಬ್‌ಸ್ಟೇಷನ್ನಿನ ಮಹಾದೇವಿ ಅಲ್ಲ. ಅವಳು ಅವತ್ತು ಯಾವ ಗುಂಡಿಯನ್ನೂ ಒತ್ತಲಿಲ್ಲ, ಯಾವ ಹಿಡಿಕೆಯನ್ನೂ ಎತ್ತಲಿಲ್ಲ. ಬಿಟ್ಟವನು ನಾನು — ಅದೂ ಒಂದು ಕಾರಿನಿಂದ, ನಾಲ್ಕು ಮಂದಿ ನಗಲಿ ಅಂತ. ಎರಡೂವರೆ ವರ್ಷ ಈ ಮಾತನ್ನು ಬಾಯೊಳಗೆ ಇಟ್ಟುಕೊಂಡು, ಅದೇ ಬಾಯಿಂದ ಊರವರನ್ನೆಲ್ಲ ಅಣಕಿಸುತ್ತ ಬಂದೆ. ಥೂ ನನ್ನ ಬಾಯಿಗೆ.

ಕಲಬುರಗಿಯಲ್ಲಿ ಎಲೆಕ್ಟ್ರಿಕ್ ಕಾರು ಮಾರುವ ಶೋರೂಮಿನಲ್ಲಿ ನನ್ನ ಕೆಲಸ. ಚಟ ಬೇರೆ — ಮಂದಿಯ ದನಿ ಕದಿಯುವುದು. ನಮ್ಮ ಮ್ಯಾನೇಜರ್ ಮೂಗಿನಲ್ಲಿ ಮಾತಾಡುತ್ತಾನೆ, ನಾನೂ ಮೂಗಿನಲ್ಲಿ. ನಮ್ಮ ಸೋದರಮಾವ ಶಿವರಾಯ ಪ್ರತಿ ಮಾತಿಗೂ ಮೊದಲು ಕೆಮ್ಮುತ್ತಾನೆ, ನಾನೂ ಕೆಮ್ಮುತ್ತೇನೆ. ನನ್ನ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹೊತ್ತು ಹುಡುಕಬೇಕಾಗುತ್ತದೆ. ಕಮಲಾಪುರದ ಹೊರಗೆ ಕೆಂಪು ಬಾಳೆಯ ತೋಟ, ತೋಟದ ತುದಿಗೆ ಮನೆ ಇರುವ ಶಿವರಾಯ ಮಾವನಿಗೆ ಆ ಕಾರು ಮಾರಿದವನೂ ನಾನೇ. “ಇದು ಕಾರಲ್ಲ ಮಾವ, ಗಾಲಿ ಮ್ಯಾಲಿನ ಪವರ್ ಹೌಸ್. ಕರೆಂಟ್ ಹೋದ್ರ ಮನೀಗೇ ಕರೆಂಟ್ ಕೊಡ್ತದ!” ಅಂದಿದ್ದೆ. ಮಾವ ಕೆಮ್ಮಿ, “ಮಾತಿನ್ಯಾಗ ಕೊಡ್ತದೋ, ಖರೇನ ಕೊಡ್ತದೋ?” ಅಂದಿದ್ದ.

ಖರೇನೇ ಕೊಡುತ್ತದೆ. ಸಂಕಟ ಇರುವುದೇ ಅಲ್ಲಿ.

ಕಾರಿನ ಕರೆಂಟನ್ನು ಇಡೀ ಮನೆಗೆ ಕೊಡಬೇಕೆಂದರೆ ನಡುವೆ ಒಂದು ಬದಲಿ ಸ್ವಿಚ್ಚು ಬೇಕು — ಹೊರಗಿನ ಲೈನು ಇಲ್ಲವೇ ಕಾರು, ಎರಡರಲ್ಲಿ ಒಂದೇ ಮನೆಯೊಳಗೆ ಬರುವ ಹಾಗೆ. ಅದಿಲ್ಲದಿದ್ದರೆ ಕಾರಿನ ಕರೆಂಟು ಮನೆ ತುಂಬಿ, ಮೀಟರು ದಾಟಿ, ಕಂಬಕ್ಕೆ ಹೋಗುತ್ತದೆ. ಇದನ್ನು ನನಗೆ ಕಲಿಸಿದ್ದರು. ಕಲಿಸಿದವನ ನಡಿಗೆಯನ್ನು ಅಣಕಿಸುತ್ತ ಕೂತಿದ್ದೆ ನಿಜ, ಆದರೆ ಕಿವಿಗೆ ಬಿದ್ದಿತ್ತು. ಇನ್ನು ಗಿರಾಕಿಗೆ ನಾವು ಕೊಡುವ ಕಾಗದ — ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ಕಡೆ ಕಾರು, ಇನ್ನೊಂದು ಕಡೆ ಬೆಳಗುವ ಮನೆ, ನಡುವೆ ಹಸಿರು ಬಾಣ. ಆ ಬಾಣದಲ್ಲಿ ಸ್ವಿಚ್ಚಿಲ್ಲ, ಕಂಬವಿಲ್ಲ, ಕಂಬದ ಮೇಲಿನ ಮನುಷ್ಯನಂತೂ ಇಲ್ಲವೇ ಇಲ್ಲ. ಸ್ವಿಚ್ಚು ಹಾಕಿಸುತ್ತೇನೆಂದು ನಮ್ಮ ಗಿರಾಕಿ ಮಾಸ್ತರರೊಬ್ಬರು ಹೊರಟರೆ ಅದನ್ನು ಕೂಡಿಸಬಲ್ಲ ಮಿಸ್ತ್ರಿ ಸಿಗಲಿಲ್ಲ. ಉಳಿದ ಕರೆಂಟನ್ನು ವಾಪಸ್ಸು ಲೈನಿಗೇ ಕೊಡಬಹುದಾ ಅಂತ ನಾನು ವಿಚಾರಿಸಿದರೆ ಕರೆಂಟ್ ಆಫೀಸಿನವರು, “ತಗೊಳ್ಳಾಕ ಅರ್ಜಿ ಅದ ತಮ್ಮಾ, ಕಾರಿನಿಂದ ಕೊಡಾಕ ಅರ್ಜೀನೇ ಇಲ್ಲ” ಅಂದರು.

ಆದರೆ ಬಾಣದ ಮೇಲೆ, ಅರ್ಜಿಯ ಮೇಲೆ ಸಿಟ್ಟು ತೀರಿಸಿಕೊಂಡು ನಾನು ನುಣುಚಿಕೊಳ್ಳಲಾರೆ. ಕಾರಿನಿಂದ ಗೋಡೆಗೆ ತಂತಿ ಎಳೆದದ್ದು ಬಾಣವಲ್ಲ, ನಾನು.

ಅವತ್ತು ಮಾವನ ಮೊಮ್ಮಗಳ ತೊಟ್ಟಿಲು ಕಾರ್ಯ. ಬೇಸಿಗೆ. ಹೊತ್ತು ಏರುವ ಮುಂಚೆಯೇ ಕರೆಂಟು ಹೋಯಿತು. ತೋಟದಾಚೆ ತಂತಿ ಜೋತುಬಿದ್ದಿತ್ತು, ಲೈನ್‌ಮನ್ ಖಾಜಾ ಮಾಮು ಅದನ್ನು ಬಿಗಿಯಲು ಬಂದಿದ್ದ. ಮನೆ ಮುಂದಿನಿಂದಲೇ ಸೈಕಲ್ ತಳ್ಳಿಕೊಂಡು ಹೋದ. “ಮಾಮು, ಲಗೂ ಮುಗಸ್ರಿ, ಕೂಸು ಬೆವರ್ಲಾಕತ್ಯಾದ” ಅಂತ ನಾನು ಕೂಗಿದೆ. “ಅರೇ ಬೇಟಾ, ನೀ ಬಾಯಿ ಮುಚ್ಚಿದ್ರ ಅರ್ಧ ಸೆಕಿ ಕಡಿಮಿ ಆಗ್ತದ” ಅಂದ. ಎಲ್ಲರೂ ನಕ್ಕರು.

ಅಂದರೆ — ಅವನು ಅಲ್ಲಿದ್ದಾನೆ ಎಂಬುದು ನನಗೆ ಗೊತ್ತಿತ್ತು.

ಕಾರಿನಿಂದ ಉದ್ದ ತಂತಿಯ ಒಂದು ಪ್ಲಗ್ ಬೋರ್ಡು ಎಳೆದು ಎರಡು ಫ್ಯಾನು ತಿರುಗಿಸಿದ್ದರೆ ಸಾಕಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಯಾರೂ ಹೆಚ್ಚಿಗೆ ಕೇಳಿರಲೂ ಇಲ್ಲ. ನನಗೆ ಇಡೀ ಮನೆ ಬೇಕಿತ್ತು — ಫ್ಯಾನು, ಕೂಲರು, ಮೈಕು, ಎಲ್ಲಾ ಒಮ್ಮೆಗೇ ಹೊತ್ತಿ, ಬೀಗರು ಹಾಂ ಅನ್ನಬೇಕಿತ್ತು. ಎರಡೂ ತುದಿಗೆ ಪಿನ್ನು ಇರುವ ತಂತಿಯೊಂದನ್ನು ಕಟ್ಟಿದೆ. ಒಂದು ತುದಿ ಕಾರಿಗೆ, ಇನ್ನೊಂದು ಪಡಸಾಲೆಯ ಗೋಡೆಯ ಸಾಕೆಟ್ಟಿಗೆ. ಇಳಿಸಿದರೆ ಮನೆಯನ್ನು ಕಂಬದಿಂದ ಬಿಡಿಸುವ ಮೇನ್ ಸ್ವಿಚ್ಚು ಒಳಕೋಣೆಯಲ್ಲಿತ್ತು. ಒಳಗೆ ಹೆಂಗಸರು ಸೀರೆ ಬದಲಿಸುತ್ತಿದ್ದರು, ಬಾಗಿಲು ಮುಚ್ಚಿತ್ತು. ಒಂದು ಸಲ ಬಾಗಿಲು ತಟ್ಟಿ, ‘ಅಕ್ಕಾ, ಮೇನ್ ಇಳಸ್ರಿ’ ಅನ್ನಲು ಎಷ್ಟು ಹೊತ್ತು ಬೇಕು?

ಮಾವ ಕೆಮ್ಮಿ ಕೇಳಿದ: “ಮೇನ್ ಇಳಿಸೀಯೇನೋ?”

ಇಲ್ಲಿ ಒಂದು ಮಾತು ಹೇಳಬೇಕು. ಲೈನ್‌ಮನ್ ಕಂಬ ಹತ್ತುವ ಮುಂಚೆ ಸಬ್‌ಸ್ಟೇಷನ್ನಿನಿಂದ ಎಲ್‌ಸಿ ತೆಗೆದುಕೊಳ್ಳುತ್ತಾನೆ — ಲೈನ್ ಕ್ಲಿಯರ್. ಲೈನು ಸತ್ತಿದೆ, ಮುಟ್ಟಬಹುದು ಅನ್ನುವ ಭರವಸೆ. ಕಮಲಾಪುರದಲ್ಲಿ ಆ ಭರವಸೆಗೆ ಮಹಾದೇವಿಯ ದನಿಯಿತ್ತು. ಕರೆಂಟು ಹೋದಾಗ ಊರವರೆಲ್ಲ ಫೋನು ಮಾಡಿ ಬೈಯುತ್ತಿದ್ದುದೂ ಅವಳಿಗೇ. ಸ್ವಲ್ಪ ಎಳೆದು, ಕೊನೆಗೆ ಮೇಲೆತ್ತುವ ದನಿ. ನನಗೆ ಅದು ನೀರು ಕುಡಿದಷ್ಟು ಸಲೀಸು. ಮಾವ ಕೇಳಿದ ಪ್ರಶ್ನೆಗೆ ಆ ದನಿಯಲ್ಲಿ ಉತ್ತರ ಕೊಟ್ಟೆ:

“ಎಲ್‌ಸಿ ಕೊಟ್ಟೀನ್ರೀ… ಬೇಫಿಕರ್ ಏರ್ರೀ!”

ಪಡಸಾಲೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮಾವನೂ ನಕ್ಕ. ನಾನು ಪಿನ್ನು ಒತ್ತಿದೆ.

ಫ್ಯಾನು ತಿರುಗಿದವು. ಚಪ್ಪಾಳೆ ಬಿತ್ತು. ಇಡೀ ಊರಿನ ಲೈನು ಜೋಡಿಕೊಂಡಿದ್ದರೆ ಕಾರು ಭಾರ ತಾಳದೆ ತಾನೇ ಕೈಚೆಲ್ಲುತ್ತಿತ್ತು. ಆದರೆ ಕೆಲಸಕ್ಕೆಂದು ಖಾಜಾ ಮಾಮು ತೋಟದ ಕಡೆಯ ಲೈನಿನ ತುಂಡನ್ನು ಊರಿನ ಲೈನಿನಿಂದ ಬೇರೆ ಮಾಡಿಕೊಂಡಿದ್ದ. ಅದರ ಮೇಲಿದ್ದುದು ನಮ್ಮ ಮನೆ ಒಂದೇ. ಹತ್ತುವ ಮುಂಚೆ ಟೆಸ್ಟರ್ ಹಚ್ಚಿ ನೋಡಿದ್ದನಂತೆ. ಲೈನು ಸತ್ತೇ ಇತ್ತು. ಅವನೂ ತಪ್ಪಲಿಲ್ಲ, ಅವಳೂ ತಪ್ಪಲಿಲ್ಲ.

ಮೈಕು ಹಿಡಿದು ಬಾಯಿ ತೆರೆಯುವಷ್ಟರಲ್ಲಿ ತೋಟದ ಕಡೆಯಿಂದ ಕೂಗು. ಎಲ್ಲರೂ ಕಂಬದತ್ತ ಓಡಿದರು. ನಾನು ಓಡಿದ್ದು ಕಾರಿನ ಕಡೆಗೆ. ತಂತಿ ಕಿತ್ತೆ, ಸುತ್ತಿದೆ, ಡಿಕ್ಕಿಯಲ್ಲಿ ಎಸೆದು ಮುಚ್ಚಿದೆ. ನಾನು ಕಿತ್ತದ್ದರಿಂದಲೇ ಅವನ ಜೀವ ಉಳಿಯಿತು ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಉಳಿಸಲು ಕಿತ್ತವನು ತಂತಿಯನ್ನು ಹಾಗೆ ಬಿಟ್ಟು ಓಡುತ್ತಿದ್ದ. ಸುತ್ತುತ್ತ ನಿಲ್ಲುತ್ತಿರಲಿಲ್ಲ.

ಬೆಲ್ಟಿಗೆ ಜೋತಾಡುತ್ತಿದ್ದವನನ್ನು ಇಳಿಸಿದರು. ಕಲಬುರಗಿಯ ಆಸ್ಪತ್ರೆಗೆ ಒಯ್ಯಲು ಅಲ್ಲಿದ್ದುದು ಅದೊಂದೇ ಗಾಡಿ. ಅವನನ್ನು ಸುಟ್ಟ ಕಾರಿನಲ್ಲೇ ಅವನನ್ನು ಮಲಗಿಸಿ ನಾನೇ ಓಡಿಸಿದೆ. ಸದ್ದಿಲ್ಲದ ಕಾರು; ಹಿಂದಿನ ಸೀಟಿನ ಪ್ರತಿ ಉಸಿರೂ ಕೇಳುತ್ತಿತ್ತು. ದಾರಿಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಅನ್ನುತ್ತಿದ್ದ: “ಮಹಾದೇವಿ… ಹಿಂಗ್ಯಾಕ ಮಾಡ್ದಿ ಬೇಟಿ…”

ಆಗ ಹೇಳಬಹುದಿತ್ತು. ಹಿಂದೆ ತಿರುಗಿ — ಬಾಯಿಬಡಕ ನಾನು, ಒಂದು ಮಾತು — ಇಲ್ಲ. ದಾರಿ ನೋಡುತ್ತ ಓಡಿಸಿದೆ.

ಬಲಗೈಯ ಮೂರು ಬೆರಳು ಹೋದವು. ಮರುದಿನ ವಿಚಾರಣೆಗೆ ಅಧಿಕಾರಿಯೊಬ್ಬರು ಮಾವನ ಮನೆಗೆ ಬಂದರು. ಅಂಗಳದಲ್ಲೇ ನಿಂತು ನನ್ನನ್ನು ಕೇಳಿದರು: “ನಿಮ್ಮ ಮನ್ಯಾಗ ಜನರೇಟರ್ ಅದ ಏನ್ರಿ? ಇನ್ವರ್ಟರ್?”

“ಇಲ್ರೀ ಸಾಹೇಬ್ರ. ನಮ್ಮ ಮನ್ಯಾಗ ಜನರೇಟರ್ ಇಲ್ರೀ. ಬೇಕಾದ್ರ ಹುಡುಕ್ರಿ.”

ಒಂದಕ್ಷರ ಸುಳ್ಳಿಲ್ಲ. ಎಂಥಾ ಜಾಣ ನಾನು! ಅವರು ಆ ಹೇಳಿಕೆ ಬರೆದುಕೊಂಡದ್ದು ಎಲ್ಲಿ ಗೊತ್ತೇ? ಅದೇ ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು. ಕಾರೂ ಕರೆಂಟು ಕೊಡುತ್ತದೆ ಎಂಬುದು ಅವರ ತಲೆಗೆ ಬರಲಿಲ್ಲ. ಬಾರದಿರಲಿ ಅಂತ ನಾನು ಬಾನೆಟ್ಟಿಗೆ ಒರಗಿ ನಿಂತಿದ್ದೆ. ಮಾವ ಹಿಂದೆಯೇ ಇದ್ದ, ಕೆಮ್ಮಲೂ ಇಲ್ಲ. ಆಮೇಲೂ ಏನೂ ಕೇಳಲಿಲ್ಲ. ಕೇಳದಿರುವುದಕ್ಕೆ ನಮ್ಮ ಮನೆಯಲ್ಲಿ ಮರ್ಯಾದೆ ಅನ್ನುತ್ತಾರೆ.

ಕರೆಂಟು ಬೇರೆಲ್ಲಿಂದಲೂ ಬಂದಿಲ್ಲವೆಂದರೆ ಸಬ್‌ಸ್ಟೇಷನ್ನಿನಿಂದಲೇ ಬಂದಿರಬೇಕು. ಮಹಾದೇವಿ ಎಲ್‌ಸಿ ಬರೆದಿಟ್ಟ ಪುಸ್ತಕ ತೋರಿಸಿದಳು. ಆಮೇಲೆ ಬರೆದದ್ದು ಅಂದರು. ಗುತ್ತಿಗೆಯ ಕೆಲಸ, ತೆಗೆದುಹಾಕಲು ಒಂದು ಕಾಗದವೂ ಹೆಚ್ಚು; ತೆಗೆದರು. ಖಾಜಾ ಮಾಮು ಅವಳ ಫೋನು ಎತ್ತುವುದನ್ನು ಬಿಟ್ಟ. ಅವಳು ಊರು ಬಿಟ್ಟಳು.

ಇಷ್ಟಕ್ಕೇ ನಿಲ್ಲಲಿಲ್ಲ ನಾನು. ವಿಚಾರಣೆಯಲ್ಲಿ ಅವಳು ಅತ್ತಳಂತೆ ಎಂಬ ಸುದ್ದಿ ಕೇಳಿ ಅದನ್ನೂ ಒಂದು ಐಟಂ ಮಾಡಿದೆ. “ನಾ ಬಿಟ್ಟಿಲ್ರೀ ಸಾಹೇಬ್ರ… ದೇವರಾಣಿ ಬಿಟ್ಟಿಲ್ರೀ…” ಮೂಗು ಏರಿಸಿ, ಸೆರಗು ಹಿಡಿದು. ಬಿಡದೆ ನಗುತ್ತಿದ್ದರು ಮಂದಿ. ನಿಜ ಹೇಳುತ್ತಿದ್ದ ಹೆಂಗಸಿನ ದನಿಯಲ್ಲಿ, ಸುಳ್ಳು ಹೇಳಿದವನು ನಿಜವನ್ನೇ ಹೇಳುತ್ತಿದ್ದ — ನಗಿಸಲು.

ಹೋದ ತಿಂಗಳು ಕಲಬುರಗಿಯ ಶಹಾಬಜಾರದಲ್ಲಿ ಗೆಳೆಯನ ಅಂಗಡಿಯ ಮುಂದೆ, ಚಹಾದ ಹೊತ್ತಿಗೆ, ಅದೇ ಐಟಂ ಮಾಡಿದೆ. ಪಕ್ಕದ ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದ ಹೆಂಗಸು ಸೂಜಿ ಹಿಡಿದೇ ಎದ್ದು ಬಂದಳು. ಮಹಾದೇವಿಯ ದನಿ ಫೋನಿನಲ್ಲಿ ಕೇಳಿದ್ದೆ ಅಷ್ಟೇ, ಮುಖ ನಾನು ನೋಡಿರಲಿಲ್ಲ. ಬಾಯಿ ತೆರೆದ ಕೂಡಲೇ ಗೊತ್ತಾಯಿತು.

“ಚಂದ ಮಾಡ್ತಿ ತಮ್ಮಾ. ಆದ್ರ ನಾ ಹಂಗ ಅತ್ತಿಲ್ಲ. ನಾ ಅಳಲೇ ಇಲ್ಲ.”

ಗೆಳೆಯ ನಗುತ್ತಲೇ ಇದ್ದ. ನಾನು ಅವಳ ಹಿಂದೆ ಹೋಗಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಎಲ್ಲ ಹೇಳಿದೆ. ಯಾರ ದನಿಯಲ್ಲಿ ಹೇಳಿದೆನೋ ಗೊತ್ತಿಲ್ಲ. ಅವಳು ಬೈಯಲಿ ಅಂತ ಕಾಯ್ದೆ. ಅವಳು ಹೊಲಿಗೆ ನಿಲ್ಲಿಸಲೂ ಇಲ್ಲ.

“ನಾ ಬಿಟ್ಟಿಲ್ಲ ಅನ್ನೂದು ನನಗ ಗೊತ್ತೇ ಇತ್ತು. ನನಗ ಯಾಕ ಹೇಳ್ತಿ? ಗೊತ್ತಿಲ್ಲದವರಿಗೆ ಹೇಳು ಹೋಗು.”

ನಿನ್ನೆ ಕಮಲಾಪುರದ ಕರೆಂಟ್ ಇಲಾಖೆಯ ಸೆಕ್ಷನ್ ಆಫೀಸಿಗೆ ಹೋದೆ. ಅಧಿಕಾರಿ ಈಗ ಬೇರೆಯವರು. ಹೇಳಿದ್ದೆಲ್ಲ ಕೇಳಿ, ಪೆನ್ನು ಕೆಳಗಿಟ್ಟು, “ಕಾರಿನಿಂದ ಅಂತ ಬರೀಲಾಕ ಇದರಾಗ ಕಾಲಮ್ಮೇ ಇಲ್ಲಲ್ಲೋ ಮಾರಾಯಾ” ಅಂದರು. ಆಮೇಲೆ ದನಿ ತಗ್ಗಿಸಿ, “ತಿಳೀದೆ ಆಗ್ಯಾದ ಅಂತ ಬರದುಬಿಡು. ಹಗುರ ಆಗ್ತದ.”

ತಿಳಿದೇ ಮಾಡಿದೆ ಅಂತ ಬರೆದೆ. ಲೈನ್‌ಮನ್ ಕಂಬದ ಕಡೆ ಹೋದದ್ದು ಗೊತ್ತಿತ್ತು, ಮೇನ್ ಇಳಿಸಬೇಕೆಂಬುದು ಗೊತ್ತಿತ್ತು, ಹಿಂದಿನ ಅಧಿಕಾರಿ ಜನರೇಟರ್ ಅದ ಏನು ಅಂದಾಗ ಏನು ಕೇಳುತ್ತಿದ್ದಾರೆ ಎಂಬುದೂ ಗೊತ್ತಿತ್ತು. ಮುಂದೆ ಏನಾಗುತ್ತದೋ — ಪೊಲೀಸರೋ, ಕೋರ್ಟೋ — ಆಗಲಿ. ಕೆಳಗೆ ಸಹಿ ಹಾಕಿದೆ.

ಅದೇ ಕೋಣೆಯ ಮೂಲೆಯಲ್ಲಿ, ಸಾಮಾನು ಕೊಡುವ ಮೇಜಿನ ಹಿಂದೆ, ಖಾಜಾ ಮಾಮು ಕೂತಿದ್ದ. ಈಗ ಕಂಬ ಹತ್ತುವುದಿಲ್ಲ. ಎಡಗೈಯಿಂದ ಫ್ಯೂಜು, ತಂತಿ ಎಣಿಸಿ ಕೊಡುತ್ತಾನೆ. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದ. ನಾನು ಅವನ ಮುಂದೆ ಹೋಗಿ ನಿಂತೆ. ನನ್ನ ಮುಖ ನೋಡಲಿಲ್ಲ. ನನ್ನ ಭುಜದಾಚೆ ಅಧಿಕಾರಿಯನ್ನು ನೋಡಿ ಕೇಳಿದ:

“ಸಾಬ್, ಮಹಾದೇವಿ ನಂಬರ್ ಯಾರ ಹತ್ರ ಅದ?”