ಬಾರದ ಮಳೆಗೆ ಬಾಚಿದ ಹಪ್ಪಳ

ಮೇ ತಿಂಗಳಲ್ಲಿ, ಹೊತ್ತೇರಿದ ಮೇಲೂ ಅಡುಗೆಮನೆಗೆ ದೀಪ ಹಾಕಬೇಕಾದ ಊರು ನಮ್ಮದೇ ರಾಜ್ಯದಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಸಿಂದಗಿಯಲ್ಲಿ ಅಷ್ಟೊತ್ತಿಗೆ ಅಂಗಳದ ಕಲ್ಲು ಕಾಲು ಸುಡುತ್ತಿರುತ್ತದೆ. ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಆಕಾಶ ಕಪ್ಪಗೆ ನೆತ್ತಿಯ ಮೇಲೇ ಕೂತಿರುತ್ತದೆ. ಮಳೆ ಇಲ್ಲ, ಮೈಯಿಂದ ಮಾತ್ರ ನೀರಿಳಿಯುತ್ತದೆ.

ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಯ ಕೆಲಸ ಸಿಕ್ಕಿ ಇಲ್ಲಿಗೆ ಬಂದವಳು ನಾನು. ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ನಾನು ಬಾಯಿ ತೆರೆದರೆ ಸಾಕು, 'ಗಟ್ಟದಕುಲು' ಎಂದು ತುಳುವಿನಲ್ಲಿ ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಘಟ್ಟದ ಮೇಲಿನವರು ಎಂದರ್ಥ. ಅರ್ಥಕ್ಕಿಂತ ಅದನ್ನು ಹೇಳುವ ರೀತಿ ಚುಚ್ಚುತ್ತದೆ. ಕೊನೆಗೆ ಸುಮತಿಯಕ್ಕ ತಮ್ಮ ಮನೆಯ ಮಹಡಿ ಕೊಟ್ಟರು. ಅವರ ಗಂಡ ಮಸ್ಕತ್ತಿನಲ್ಲಿದ್ದರು. ಅಕ್ಕ ನನಗೆ ಕುಚ್ಚಲಕ್ಕಿ ಗಂಜಿ ಉಣ್ಣಲು ಕಲಿಸಿದರು, ಬಟ್ಟೆ ಒಣಗಿಸಲು ತಾರಸಿಯ ಬೀಗದ ಕೈಯನ್ನೂ ಕೊಟ್ಟರು. ಈ ಊರಲ್ಲಿ ಒಬ್ಬರಾದರೂ ನನ್ನವರಾದರಲ್ಲ ಎಂದು ಹಿಗ್ಗಿದ್ದೆ.

ಹೋದ ವರ್ಷ, ಇಲ್ಲಿ ನನ್ನ ಮೊದಲ ಮೇ ತಿಂಗಳಲ್ಲಿ, ಒಂದು ಬೆಳಿಗ್ಗೆ ಅವರು ಗಂಡನಿಗೆ ಕಳುಹಿಸಲೆಂದು ಹಲಸಿನಕಾಯಿ ಹಪ್ಪಳ ತಟ್ಟಿ, ತಾರಸಿಯ ಚಾಪೆಗಳ ಮೇಲೆ ಹರಡಿ, ಮದುವೆಗೆಂದು ಮೂಡುಬಿದಿರೆಗೆ ಹೋದರು. ನನಗೆ ರಜೆ. ಸ್ವಲ್ಪ ಹೊತ್ತಿಗೆ ಆಕಾಶ ಕಪ್ಪಾಯಿತು. ಸಿಂದಗಿಯಲ್ಲಿ ಅಂಥ ಮೋಡ ಕಂಡರೆ ಹರವಿದ್ದನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತೇವೆ. ನಾನೂ ಓಡಿದೆ. ಹಸಿ ಹಪ್ಪಳಗಳನ್ನು ಒಂದರ ಮೇಲೊಂದು ಪೇರಿಸಿ ಬುಟ್ಟಿಗೆ ತುಂಬಿದೆ. ಒಂದು ಹನಿಯೂ ಬೀಳಲಿಲ್ಲ. ಮಧ್ಯಾಹ್ನ ಚುರುಗುಟ್ಟುವ ಬಿಸಿಲು ಬಂತು. ಬಿಡಿಸಲು ಹೋದರೆ ಹಪ್ಪಳವೆಲ್ಲ ಅಂಟಿಕೊಂಡು ಮತ್ತೆ ಹಿಟ್ಟಿನ ಮುದ್ದೆಯಾಗಿತ್ತು.

ಸಂಜೆ ಸುಮತಿಯಕ್ಕ ಮದುವೆಯ ಸೀರೆಯಲ್ಲೇ ಬುಟ್ಟಿಯ ಮುಂದೆ ಕೂತುಬಿಟ್ಟರು.

"ಎಂಥ ಮಾರಾಯ್ತಿ ಇದು? ತೆಗೀಲಿಕ್ಕೆ ಯಾರು ಹೇಳಿದ್ದು ನಿಮ್ಗೆ?"

"ಮಳಿ ಬರ್ತದಂತ ತಿಳ್ಕೊಂಡೆ ಅಕ್ಕಾ."

"ಮೋಡ ಇಲ್ಲಿ ದಿನಾ ಉಂಟು. ಈ ಘಟ್ಟದವರಿಗೆ ಹೇಳಿ ಏನು ಪ್ರಯೋಜನ!"

ಅವರ ಬಾಯಲ್ಲೂ ಆ ಮಾತು ಬಂತಲ್ಲ! ಮರುದಿನ ತಾರಸಿಯ ಬಾಗಿಲಿಗೆ ಬೇರೆ ಬೀಗ ಬಿದ್ದಿತ್ತು. ಅಂದಿನಿಂದ ನನ್ನ ಬಟ್ಟೆ ಕೋಣೆಯೊಳಗೇ ಮುಗ್ಗಲು ವಾಸನೆ ಹಿಡಿಯುತ್ತಿದೆ.

ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಮುಂಡಾಜೆಯ ನಜೀರ್ ಕತೆ ಕೇಳಿ ನಕ್ಕ. "ಸಮುದ್ರದ ಗಾಳಿ ಪಸೆ ಹೊತ್ತುಕೊಂಡು ಬರ್ತದೆ ಮೇಡಂ. ನಮ್ಮ ಚಾರ್ಮಾಡಿ ಘಾಟಿ ಅಡ್ಡ ಉಂಟಲ್ಲ, ಅದಕ್ಕೆ ತಾಗಿ ಮೇಲೆ ಹತ್ತಿ, ತಣ್ಣಗಾಗಿ ಮೋಡ ಆಗ್ತದೆ. ಸುರೀಲಿಕ್ಕೆ ಜೂನಿನ ಮಳೆಗಾಳಿಯೇ ಬರ್ಬೇಕು." ನಮ್ಮ ಕಡೆ ಮೋಡ ಎದ್ದರೆ ಅಂದೇ ಗುಡುಗಿ, ಸುರಿದು, ತಿಳಿಯಾಗುತ್ತದೆ. ಇಲ್ಲಿ ವಾರಗಟ್ಟಲೆ ಮುಖ ಗಂಟಿಕ್ಕಿ ಕೂರುತ್ತದೆ. ಸುಮತಿಯಕ್ಕನೂ ಹಾಗೆಯೇ ಕೂತರು. ಬೈದು ಮುಗಿಸಿದ್ದರೆ ನಾನೂ ಅತ್ತು ಮುಗಿಸುತ್ತಿದ್ದೆ.

ಈ ವರ್ಷ ಮೇ ತಿಂಗಳಲ್ಲಿ ಸಿಂದಗಿಗೆ ಹೋದೆ. ತಮ್ಮನ ಹೆಂಡತಿ ಶಾಂತಾ ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ನೋಡಿಕೊಳ್ಳಲು ನನ್ನನ್ನು ಕೂರಿಸಿ ಸಂತೆಗೆ ಹೋದಳು. ಪಡುವಣದಲ್ಲಿ ಮೋಡ ಎದ್ದಿತು. "ಮಳಿ ಬಂತ್ರೀ, ತಗೀರಿ!" ಎಂದು ಪಕ್ಕದ ಮಾಳಿಗೆಯಿಂದ ಯಾರೋ ಕೂಗಿದರು. ಬರೀ ಮೋಡಕ್ಕೆ ಇಷ್ಟೇಕೆ ಗಾಬರಿ ಎಂದು ನಾನು ಕೂತೇ ಇದ್ದೆ. ದಬದಬ ಸುರಿಯಿತು. ಸಂಡಿಗೆಯೆಲ್ಲ ಕರಗಿ, ಮಾಳಿಗೆಯ ನೀರಿಳಿಯುವ ದೋಣಿಯಲ್ಲಿ ಬೆಳ್ಳಗೆ ಹರಿದುಹೋಯಿತು.

"ಅಕ್ಕಾರ, ನಮ್ಮೂರ ಮೋಡನೂ ತಿಳೀದಂಗಾತೇನ್ರಿ ನಿಮಗ?" ಎಂದಳು ಶಾಂತಾ. ಬೈಗುಳವಲ್ಲ, ನಿಜವಾಗಿಯೂ ಕೇಳಿದಳು.

ಮರುದಿನ ಮತ್ತೆ ಹಿಟ್ಟು ಕುದಿಸಿದಳು. ನಾನು ಹಿಟ್ಟಿನ ತಟ್ಟೆ ಹಿಡಿದು ಏಣಿ ಹತ್ತಿದೆ. ಮೇಲಿದ್ದ ಅವಳು ಮೆಲ್ಲಗೆ ತಟ್ಟೆ ಇಸಿದುಕೊಂಡಳು.

"ನೀವ್ ಬ್ಯಾಡ್ರಿ ಅಕ್ಕಾರ. ನಾಕ್ ದಿನಕ್ಕ ಬಂದೀರಿ, ಕೆಳಗ ಆರಾಮ ಕುಂದರ್ರಿ."

ಆ ಮಾಳಿಗೆಗೆ ಬಾಗಿಲೂ ಇಲ್ಲ, ಬೀಗವೂ ಇಲ್ಲ. ನಾನು ಏಣಿ ಇಳಿದೆ.