ಒಳಗೆ ಅತ್ತೆ, ಹೊರಗೆ ಬೀಗ

ಭಾನುವಾರ ಬೆಳಗಿನ ತಿಂಡಿ ಮುಗಿದ ಮೇಲೆ ಅತ್ತೆಯವರು ಒಂದು ಮಡಚುವ ಕುರ್ಚಿ, ನೀರಿನ ಬಾಟಲಿ ಮತ್ತು ಹಳೆಯ ರೇಡಿಯೊ ಹಿಡಿದುಕೊಂಡು ಸಾಮಾನು ಕೋಣೆಯೊಳಗೆ ಹೋಗಿ ಕುಳಿತರು. ಹೋಗುವಾಗ ಕೀಲಿಯನ್ನೂ ಒಯ್ದರು. ಮಗಳು ಹೊರಗಿನಿಂದ ಬಾಗಿಲೆಳೆದು, ಚಿಲಕಕ್ಕೆ ಹಿತ್ತಾಳೆಯ ಬೀಗ ಸಿಕ್ಕಿಸಿ ಒತ್ತಿದಳು. ಅದು ಒತ್ತಿದರೆ ಬೀಳುವ ಬೀಗ. ಹಾಕಲು ಕೀಲಿ ಬೇಡ, ತೆಗೆಯಲು ಬೇಕು.

"ಬಿತ್ತೇನೇ?" ಒಳಗಿನಿಂದ ಅತ್ತೆಯವರು ಕೇಳಿದರು.

"ಬಿತ್ತಮ್ಮ."

"ಹಾಗಾದ್ರೆ ಶುರು ಮಾಡಿ ಅಳಿಯಂದ್ರೇ. ನನಗೇನೂ ಅವಸರ ಇಲ್ಲ."

ಅಳಿಯ ಬಾಗಿಲ ಮುಂದೆ ದಿಂಬು ಹಾಕಿಕೊಂಡು ಮಂಡಿಯೂರಿದ. ಅವನಿಗೆ ನಲವತ್ತು ದಾಟಿದೆ. ಒಂದು ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ ತಯಾರಿಸುವುದು ಅವನ ಕೆಲಸ. ಮೆತ್ತಗಿನ ಮೇಣದ ಮೇಲೆ ಒಂದೊಂದೇ ಹಲ್ಲನ್ನು ನೆಟ್ಟಗೆ ಕೂರಿಸುವ ಕೈ ಅದು. ಈ ಕೈಗೆ ಕೀಲಿಯಿಲ್ಲದೆ ಬೀಗ ತೆಗೆಯುವುದು ನೀರು ಕುಡಿದಷ್ಟು ಸುಲಭ ಎಂದುಕೊಂಡದ್ದೇ ಎಲ್ಲಕ್ಕೂ ಮೂಲವಾಯಿತು. ಕದಿಯುವ ಆಸೆ ಅವನಿಗಿಲ್ಲ. ಪಕ್ಕದ ಮನೆಯ ಬಾಗಿಲನ್ನು ತಟ್ಟಲೂ ಹಿಂಜರಿಯುವ ಮನುಷ್ಯ. ಕೆಲವರು ಪದಬಂಧ ಬಿಡಿಸುತ್ತಾರೆ, ಇವನು ಬೀಗ ಬಿಡಿಸಲು ಹೊರಟ, ಅಷ್ಟೆ.

ವಿದ್ಯೆ ಹೇಳಲು ಸುಲಭ. ಬೀಗದ ಹೊಟ್ಟೆಯಲ್ಲಿ ಸಣ್ಣ ಪಿನ್ನುಗಳು ಸಾಲಾಗಿ ನಿಂತಿರುತ್ತವೆ. ಬಾಗಿಸಿದ ಒಂದು ಪಟ್ಟಿಯನ್ನು ಕೀಲಿಯ ತೂತಿಗೆ ತೂರಿಸಿ ಹಗುರಾಗಿ ತಿರುವಿ ಹಿಡಿಯಬೇಕು. ಇನ್ನೊಂದು ಕೈಯ ಕೊಕ್ಕೆಯಿಂದ ಪಿನ್ನುಗಳನ್ನು ಒಂದೊಂದಾಗಿ ಎತ್ತಬೇಕು. ಎಲ್ಲವೂ ತಂತಮ್ಮ ಎತ್ತರಕ್ಕೆ ಬಂದು ನಿಂತರೆ ಬೀಗ ತಿರುಗುತ್ತದೆ. ಪಟ್ಟಿಯನ್ನು ಬಲವಾಗಿ ಒತ್ತಿದರೆ ಪಿನ್ನುಗಳು ಕಚ್ಚಿಕೊಂಡು ಅಲುಗುವುದಿಲ್ಲ, ಸಡಿಲ ಬಿಟ್ಟರೆ ಎತ್ತಿದವೆಲ್ಲ ಮತ್ತೆ ಕೆಳಗೆ ಬೀಳುತ್ತವೆ. ಮೇಣದ ಮುಂದೆ ಹತ್ತಿಯಂತಿರುವ ಅವನ ಕೈ ಬೀಗದ ಮುಂದೆ ಕುಳಿತರೆ ಕುಸ್ತಿಯವನ ಕೈಯಾಗುತ್ತಿತ್ತು. ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು, ಕಣ್ಣಿಗೆ ಕತ್ತಲೆ ಬರುವ ತನಕ ಒತ್ತುತ್ತಿದ್ದ. ಎರಡನೆಯ ಪಿನ್ನು ಎಂದುಕೊಂಡು ಎಷ್ಟೋ ಹೊತ್ತು ಎತ್ತಿದ್ದು ಬೀಗದ ಒಳಗೋಡೆಯನ್ನು ಎಂದು ಆಮೇಲೆ ತಿಳಿಯುತ್ತಿತ್ತು.

ಕಲಿಯುವವರಿಗೆಂದೇ ಮಾಡಿದ ಒಂದು ಪಾರದರ್ಶಕ ಬೀಗ ಅವನ ಬಳಿ ಇತ್ತು. ಒಳಗಿನ ಪಿನ್ನುಗಳು ಕಣ್ಣಿಗೆ ಕಾಣುತ್ತವಾದ್ದರಿಂದ ಅದನ್ನು ಕ್ಷಣದಲ್ಲಿ ತೆಗೆಯುತ್ತಿದ್ದ. ತೆಗೆದ ಕೂಡಲೇ ಒತ್ತಿ ಹಾಕಿ ಮತ್ತೆ ತೆಗೆಯುತ್ತಿದ್ದ. ದಿನವೂ ಟಿವಿಯ ಮುಂದೆ ಇದೇ ಕೆಲಸ.

"ಪರೀಕ್ಷೇಲಿ ಪುಸ್ತಕ ಮುಂದಿಟ್ಟುಕೊಂಡು ಬರೆದ ಹಾಗಾಯ್ತು," ಎಂದಿದ್ದಳು ಹೆಂಡತಿ.

ಆ ಮಾತು ನಾಟಿ ಅವನು ನಿಜವಾದ ಬೀಗಗಳನ್ನು ತಂದ. ಮನಸ್ಸು ಜಾರಬಾರದೆಂದು ಅವುಗಳ ಕೀಲಿಗಳನ್ನು ಮೋರಿಗೆ ಎಸೆದ. ಬೀಗ ಅಲುಗಾಡದೆ ನಿಲ್ಲಲು ಆಧಾರ ಬೇಕಲ್ಲ, ಸಿಕ್ಕಿದ್ದಕ್ಕೆಲ್ಲ ಹಾಕಿದ: ಬಕೆಟ್ಟಿನ ಹಿಡಿಕೆಗೊಂದು, ಪರದೆಯ ಬಳೆಗೊಂದು, ಹೆಂಡತಿಯ ಕೈಚೀಲದ ಕೊಂಡಿಗೊಂದು. ಯಾವುದೂ ತೆರೆಯಲಿಲ್ಲ. ಬಸ್ ಡಿಪೋದಲ್ಲಿ ಬಸ್ಸುಗಳ ವೇಳಾಪಟ್ಟಿ ಮಾಡುವ ಹೆಂಡತಿ ಒಂದು ವಾರ ಬೀಗ ತೂಗಾಡುವ ಚೀಲ ಹೊತ್ತು ಕೆಲಸಕ್ಕೆ ಹೋದಳು. "ಮೇಡಂ, ಖಜಾನೆ ಮನೆಗೆ ಒಯ್ತಾ ಇದೀರಾ?" ಎಂದು ಡ್ರೈವರೊಬ್ಬ ಕೇಳಿದ ದಿನ ಅವಳ ತಾಳ್ಮೆ ಮುಗಿಯಿತು. ಭಾನುವಾರ ಊಟಕ್ಕೆ ಕೂರುವುದರೊಳಗೆ ಒಂದೇ ಒಂದು ನಿಜವಾದ ಬೀಗ ತೆಗೆಯಬೇಕು, ಇಲ್ಲದಿದ್ದರೆ ಕೊಕ್ಕೆ, ಪಟ್ಟಿ, ಬೀಗ ಎಲ್ಲವೂ ಗುಜರಿಗೆ. ಹೀಗೆಂದು ತೀರ್ಪು ಕೊಟ್ಟಳು.

ಅಳಿಯನ ಪರ ನಿಂತವರು ಅತ್ತೆಯವರೊಬ್ಬರೇ. "ಒಳಗೆ ಏನೂ ಇಲ್ಲದ ಬೀಗ ತೆಗೆಯೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ? ಒಳಗೊಂದು ಜೀವ ಇರಬೇಕು. ನಾನಿರ್ತೀನಿ," ಎಂದಿದ್ದರು. ಮಗಳ ಮನಸ್ಸು ಕರಗಿ ನಡುವೆ ಬಾಗಿಲು ತೆಗೆದುಬಿಟ್ಟಾಳೆಂದು ಕೀಲಿಯನ್ನು ತಮ್ಮಲ್ಲೇ ಇಟ್ಟುಕೊಂಡರು.

ಒಳಗೆ ರೇಡಿಯೊದಲ್ಲಿ ಯಾರೋ ಬೆನ್ನುನೋವಿನ ಬಗ್ಗೆ ಮಾತಾಡುತ್ತಿದ್ದರು. ಹೊರಗೆ ಅಳಿಯನ ಬೆನ್ನು ನೋಯತೊಡಗಿತ್ತು.

"ಎಷ್ಟು ಪಿನ್ನು ಎದ್ವು?"

"ಎರಡು, ಅತ್ತೆ. ಒಂದು ಬಿತ್ತು."

"ಬೀಳಲಿ ಬಿಡಿ, ಅದಕ್ಕೂ ಸುಸ್ತಾಗಿರುತ್ತೆ."

"ಈ ಬೀಗವೇ ಸರಿಯಿಲ್ಲ ಅನ್ಸುತ್ತೆ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಅವನು ಹಲ್ಲು ಕಚ್ಚಿ ಒತ್ತಿದ. ಸಣ್ಣದೊಂದು ಸದ್ದಾಯಿತು. ಮುಖ ಅರಳಿತು, ಮರುಕ್ಷಣವೇ ಬಾಡಿತು. ತೆರೆದದ್ದು ಬೀಗವಲ್ಲ, ಮುರಿದದ್ದು ಕೊಕ್ಕೆ. ತುದಿ ಬೀಗದೊಳಗೇ ಉಳಿಯಿತು.

ಹೆಂಡತಿ ಬಂದು ನೋಡಿದಳು. "ಅಮ್ಮ, ಈಗ ನೀನು ಕೀಲಿ ಕೊಟ್ರೂ ಒಳಗೆ ಹೋಗಲ್ಲ."

ಒಳಗೆ ರೇಡಿಯೊ ನಿಂತಿತು. "ಅಂದ್ರೆ?"

"ಅಂದ್ರೆ ನಿನ್ನ ಅಳಿಯಂದಿರು ನಿನ್ನನ್ನ ಖಾಯಂ ಮಾಡಿದಾರೆ."

ಅವಳು ಸ್ಕ್ರೂಡ್ರೈವರ್ ತಂದು, ಬಾಗಿಲಿಗೆ ಚಿಲಕವನ್ನೂ ಚೌಕಟ್ಟಿಗೆ ಅದರ ಪಟ್ಟಿಯನ್ನೂ ಹಿಡಿದಿಟ್ಟಿದ್ದ ತಿರುಪುಗಳನ್ನು ಬಿಚ್ಚಿದಳು. ಎಲ್ಲವೂ ಹೊರಗಡೆಯೇ ಇದ್ದವು. ಚಿಲಕ, ಪಟ್ಟಿ, ಬೀಗ ಮೂರೂ ಒಂದಕ್ಕೊಂದು ಸಿಕ್ಕಿಕೊಂಡೇ ಕೈಗೆ ಬಂದವು. "ಇಷ್ಟು ವರ್ಷ ಈ ಬೀಗ ಕಾದದ್ದು ಏನನ್ನ ಅಂತ!" ಎನ್ನುತ್ತ ಬಾಗಿಲು ತಳ್ಳಿದಳು. ಅತ್ತೆಯವರು ಸುರುಳಿ ಸುತ್ತಿದ ಹಾಸಿಗೆಗಳ ನಡುವೆ ಕಾಲು ಚಾಚಿ ಕುಳಿತಿದ್ದರು.

"ಬಾಮ್ಮ ಹೊರಗೆ."

"ಬೀಗ ತೆಗೆದ್ರಾ?"

"ಬಾಗಿಲು ತೆಗೆದಿದೆಯಲ್ಲ!"

"ಬಾಗಿಲಿನ ಮಾತು ಆಡಿದ್ದು ಯಾರು? ಬೀಗ ತೆಗೆಯೋ ತನಕ ನಾನು ಒಳಗೇ. ಊಟಕ್ಕೆ ಇನ್ನೂ ಹೊತ್ತಿದೆ ತಾನೇ? ಬಾಗಿಲು ಮುಚ್ಚು, ಒಗ್ಗರಣೆ ಹೊಗೆ ಬರ್ತಿದೆ."

ಮಗಳು ಬಾಗಿಲು ಮುಚ್ಚಿದಳು. ಈಗ ಬಾಗಿಲಿಗೆ ಬೀಗವಿರಲಿಲ್ಲ, ಬೀಗಕ್ಕೆ ಬಾಗಿಲಿರಲಿಲ್ಲ. ಅಳಿಯ ಅದನ್ನು ತೊಡೆಯ ಮೇಲಿಟ್ಟುಕೊಂಡು, ಚಿಮಟದಿಂದ ಮುರಿದ ತುದಿಯನ್ನು ಹಿಡಿದೆಳೆದ. ಆ ಕೆಲಸ ಅವನಿಗೆ ಗೊತ್ತಿದ್ದದ್ದೇ, ತುದಿ ಸಲೀಸಾಗಿ ಬಂತು. ಉಳಿದಿದ್ದ ಇನ್ನೊಂದು ಕೊಕ್ಕೆ ತೂರಿಸಿದ. ಒಂದು ಎದ್ದಿತು, ಎರಡು ಎದ್ದಿತು, ಮೂರನೆಯದು ಕಚ್ಚಿಕೊಂಡಿತು.

"ರೀ, ಬಡಿಸಲಾ?"

ಕರೆ ಬಂದೇ ಬಿಟ್ಟಿತು. "ಒಂದೇ ನಿಮಿಷ ಕಣೇ," ಎಂದು ಅವನು ಅಡುಗೆಮನೆಯತ್ತ ತಿರುಗಿದ. ಗಮನ ಅತ್ತ ಹೋದದ್ದೇ ಬಿಗಿದ ಬೆರಳು ತಾನಾಗಿ ಬೇಕಾದಷ್ಟೇ ಸಡಿಲವಾಗಿ, ಕಚ್ಚಿಕೊಂಡಿದ್ದ ಪಿನ್ನೂ ಎದ್ದಿತು. ಬೀಗ ತೆರೆದುಕೊಂಡಿತು. ಸದ್ದಿಗೆ ಇತ್ತ ತಿರುಗಿದವನು ಕೊಂಡಿ ಮೇಲಕ್ಕೆ ಚಿಮ್ಮಿದ್ದನ್ನು ಕಣ್ಣಾರೆ ಕಂಡ. ದಿನವೂ ಟಿವಿಯ ಮುಂದೆ ಪಳಗಿದ್ದ ಹೆಬ್ಬೆರಳು ಅದನ್ನು ಥಟ್ಟನೆ ಒತ್ತಿ ಮತ್ತೆ ಹಾಕಿಬಿಟ್ಟಿತು.

"ತೆಗೆದೆ!" ಎಂದು ಕೂಗಿದ.

ಹೆಂಡತಿ ಸೌಟು ಹಿಡಿದೇ ಬಂದಳು. "ಹಾಕೇ ಇದೆಯಲ್ಲ."

"ತೆಗೆದಿದ್ದೆ, ಹಾಕ್ದೆ."

"ಹಾಕಿದ್ದು ಯಾಕೆ?"

"ಅಭ್ಯಾಸ."

ಅವಳು ಬೀಗವನ್ನು ಹಿಡಿದೆಳೆದು ನೋಡಿದಳು, ಭದ್ರವಾಗಿಯೇ ಇತ್ತು. ಅವನು ಮತ್ತೆ ಪ್ರಯತ್ನಿಸಿದ. ಈ ಸಲ ಒಂದು ಪಿನ್ನೂ ಏಳಲಿಲ್ಲ.

"ನಾನು ಕೇಳಿಸಿಕೊಂಡೆ," ಒಳಗಿನಿಂದ ಅತ್ತೆಯವರೆಂದರು. "ಮೊದಲು ತೆರೆದ ಸದ್ದು, ಆಮೇಲೆ ಹಾಕಿದ ಸದ್ದು."

"ಅಳಿಯ ಅಂತ ಹೇಳ್ತಿದೀಯ."

"ಪರೀಕ್ಷೆ ಮಾಡಿ ನೋಡು ಬೇಕಾದ್ರೆ." ಬಾಗಿಲ ಸಂದಿಯಿಂದ ಕೀಲಿ ಹೊರಗೆ ಜಾರಿತು.

ತಡವಾಗಿ ಬಂದ ಬಸ್ಸಿನ ಡ್ರೈವರನ ಮಾತನ್ನೂ ಪೂರ್ತಿ ಕೇಳಿಯೇ ತೀರ್ಮಾನಿಸುವುದು ಅವಳ ಪದ್ಧತಿ. ಸೌಟನ್ನು ಗಂಡನ ಕೈಗೆ ಕೊಟ್ಟು, ಮುಚ್ಚಿದ ಬಾಗಿಲ ಈಚೆ ಕುಳಿತು, ಬೀಗವನ್ನು ಕೀಲಿಯಿಂದ ತೆಗೆದಳು.

"ಈಗ?"

"ತೆಗೆದೆ," ಒಳಗಿನಿಂದ ಉತ್ತರ ಬಂತು.

"ಈಗ?"

"ಹಾಕಿದೆ."

ಅವಳು ಏನೂ ಮಾಡದೆ ಸುಮ್ಮನೆ ಕುಳಿತಳು. "ಈಗ?"

"ಏನೂ ಮಾಡಲಿಲ್ಲ. ತಾಯೀನೇ ಏಮಾರಿಸ್ತೀಯೇನೇ?"

ಇನ್ನೂ ಹಲವು ಸಲ ಕೇಳಿದಳು. ಒಂದೂ ತಪ್ಪಲಿಲ್ಲ. ಅಳಿಯ ಸೌಟು ಹಿಡಿದು ಗೋಡೆಗೊರಗಿ ನಿಂತಿದ್ದ. ಅವನ ಹಣೆಬರಹ ಅತ್ತೆಯ ಕಿವಿಯ ಮೇಲೆ ನಿಂತಿತ್ತು.

"ಆಯ್ತು. ತೆಗೆದಿದಾರೆ," ಎಂದಳು ಕೊನೆಗೆ, ಡಿಪೋದಲ್ಲಿ ತೀರ್ಪು ಹೇಳುವ ದನಿಯಲ್ಲೇ. "ಸಾಮಾನು ಗುಜರಿಗೆ ಹೋಗಲ್ಲ. ಬಾಮ್ಮ ಊಟಕ್ಕೆ."

ಅತ್ತೆಯವರು ಸೀರೆಯ ಧೂಳು ಕೊಡವಿಕೊಂಡು ಹೊರಬಂದರು. ಊಟದ ನಡುವೆ ಹೆಂಡತಿ ಒಂದು ಷರತ್ತು ಹಾಕಿದಳು: ಇನ್ನು ಮುಂದೆ ನೋಡಲು ಯಾರಾದರೂ ಇಲ್ಲದೆ ಅವನು ಬೀಗ ಮುಟ್ಟುವಂತಿಲ್ಲ. ಮುಂದಿನ ಭಾನುವಾರ ಅವಳಿಗೆ ರಜೆಯಿಲ್ಲ, ಅತ್ತೆಯವರಿಗೆ ಕಣ್ಣಿನ ವೈದ್ಯರಲ್ಲಿಗೆ ಹೋಗುವುದಿದೆ. ಪಕ್ಕದ ಮನೆಯವರನ್ನು ಕರೆಯಬೇಕು. ಅವನು ಬುಧವಾರ ಹೋಗಿ ಅವರ ಬಾಗಿಲು ತಟ್ಟಲಿದ್ದಾನೆ.