ಆರನೇ ತಿಂಗಳ ಸುಳ್ಳು

ಕಳೆದ ವಾರ ಠಾಣೆಯ ನೌಪಾಡಾದ ಅಂಗಡಿಯೊಂದರಲ್ಲಿ ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಬೆಲ್ಲ ಕೂಡಿದ ವಾಸನೆ ಬಂತು. ಅಂಟಿನುಂಡೆ. ಹನ್ನೊಂದು ವರ್ಷದ ಹಿಂದಿನ ಲೋಕಲ್ ರೈಲು ನೆನಪಾಯಿತು, ಕಿಟಕಿ ಸೀಟಿನ ಅಕ್ಕ ನೆನಪಾದರು...

ಆಗ ನನ್ನ ಮಗಳಿಗೆ ನಾಲ್ಕು ತಿಂಗಳು. ರಜೆ ಮುಗಿದು ವಾಗ್ಳೆ ಎಸ್ಟೇಟಿನ ಆಫೀಸಿಗೆ ಮರಳಿದ್ದೆ. ಹೆರಿಗೆಯಾದದ್ದು ನನ್ನ ಹೊಟ್ಟೆಗಿನ್ನೂ ಗೊತ್ತಾದಂತಿರಲಿಲ್ಲ. ಹದಿನಾಲ್ಕು ಕಿಲೋ ಏರಿದ್ದೆ, ಇಳಿದದ್ದು ಐದು. ಬಸುರಿಯಾಗಿದ್ದಾಗ ಹೊಲಿಸಿದ ಕುರ್ತಾಗಳನ್ನೇ ಹಾಕಿಕೊಂಡು, ಹಾಲು ಸೋರಿದ ಕಲೆಯನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದೆ. ಕನ್ನಡಿ ಕಂಡರೆ ಸಿಟ್ಟು ಬರುತ್ತಿತ್ತು.

ಡೊಂಬಿವ್ಲಿಯಲ್ಲಿ ಲೇಡೀಸ್ ಬೋಗಿ ಹತ್ತಿದ ಮೊದಲ ದಿನವೇ ಯಾರೋ ಹೆಂಗಸು, "ಪ್ರೆಗ್ನಂಟ್ ಆಹೇ, ಬಸು ದ್ಯಾ ತಿಲಾ," ಬಸುರಿ, ಕೂರಲು ಬಿಡಿ ಎಂದು ಮರಾಠಿಯಲ್ಲಿ ಕೂಗಿ, ಎಷ್ಟು ತಿಂಗಳೆಂದು ಕೇಳಿದಳು. ನಾನು ಬಸುರಿಯಲ್ಲ ಎನ್ನಬೇಕಿತ್ತು. ಆದರೆ ಸೊಂಟ ಬಿದ್ದುಹೋಗುತ್ತಿತ್ತು. ಆರು ಅಂದುಬಿಟ್ಟೆ. ಕಲ್ಯಾಣದಿಂದ ಕೂತು ಬಂದಿದ್ದ, ಐವತ್ತು ದಾಟಿದ ಹೆಂಗಸೊಬ್ಬರು ಕಿಟಕಿ ಸೀಟು ಬಿಟ್ಟು ಎದ್ದರು. "ಉಸ್ಸಪ್ಪಾ" ಎಂದು ಕೂತೆ.

"ಕನ್ನಡದಾಕಿ ಏನವ್ವಾ?" ಎಂದು ನಕ್ಕರು. ವಿಜಯಪುರದ ಕಡೆಯವರು, ಮುಲುಂಡಿನಲ್ಲಿ ಎರಡು ಮನೆಗೆ ಅಡುಗೆ ಮಾಡುತ್ತಿದ್ದರು.

ಅಂದಿನಿಂದ ದಿನವೂ ನನ್ನನ್ನು ಕಂಡೊಡನೆ ಏಳುತ್ತಿದ್ದರು. ಅವರಿಗೆ ಮೊಣಕಾಲು ನೋವು. ನಾನು ಇಳಿಯುವ ಠಾಣೆ ಬರುವವರೆಗೂ ಕಾಲು ಬದಲಿಸುತ್ತಾ ನಿಲ್ಲುವುದನ್ನು ನಾನು ಕಂಡೂ ಕಾಣದಂತೆ ಕೂರುತ್ತಿದ್ದೆ. ಎಷ್ಟು ತಿಂಗಳು, ಯಾವ ಡಾಕ್ಟರು ಎಂದು ಅವರು ಒಮ್ಮೆಯೂ ಕೇಳಲಿಲ್ಲ. "ನಿದ್ದಿ ಆತೇನವ್ವಾ?" ಎಂದಷ್ಟೇ ಕೇಳಿ, ಸ್ಟೀಲ್ ಡಬ್ಬಿಯಿಂದ ಒಂದು ಅಂಟಿನುಂಡೆ ತೆಗೆದು ಕೈಗಿಡುತ್ತಿದ್ದರು. "ತಿನ್ನು. ಸೊಂಟಕ್ಕ ಬಲ ಬರ್ತದ." ಕರಾವಳಿಯವರಾದ ನಮ್ಮ ಮನೆಯಲ್ಲಿ ಅದರ ರೂಢಿಯಿಲ್ಲ, ಬಸುರಿಯೆಂದು ಕೊಡುತ್ತಾರೆ ಅಂದುಕೊಂಡೆ. ಸುಳ್ಳು ಹೇಳಿ ಗಿಟ್ಟಿಸಿದ ಉಂಡೆ, ಕಿಟಕಿಯತ್ತ ಮುಖ ತಿರುಗಿಸಿ ತಿನ್ನುತ್ತಿದ್ದೆ.

ಮೂರು ತಿಂಗಳಲ್ಲಿ ನನ್ನ ಸುಳ್ಳಿಗೆ ಒಂಬತ್ತು ತುಂಬಿತು. ಸಿಕ್ಕಿಬೀಳುವ ಮುಂಚೆ ತಪ್ಪಿಸಿಕೊಂಡೆ. ಬೇಗ ಎದ್ದು ಅದಕ್ಕೂ ಮುಂಚಿನ ರೈಲು ಹಿಡಿಯತೊಡಗಿದೆ. ಒಂದು ಮಾತು ಹೇಳಿ ಹೋಗಲಿಲ್ಲ. ವರ್ಷ ಕಳೆದ ಮೇಲೆ ಧೈರ್ಯ ಮಾಡಿ ಹಳೆಯ ರೈಲು ಹತ್ತಿದರೆ ಕಿಟಕಿಯಲ್ಲಿ ಬೇರೆ ಯಾರೋ ಕೂತಿದ್ದರು. ಅಕ್ಕ ಮೊಣಕಾಲು ಪೂರ್ತಿ ಕೈಕೊಟ್ಟು ಊರಿಗೆ ಹೋದರಂತೆ...

ನೌಪಾಡಾದ ಅಂಗಡಿಯಾಕೆಯೂ ವಿಜಯಪುರದ ಕಡೆಯವಳೇ. "ಮನ್ಯಾಗ ಬಾಣಂತಿ ಅದಾರೇನ್ರಿ?" ಎಂದಳು, ನಾನು ಕೇಳಿದ ಉಂಡೆ ಕಟ್ಟುತ್ತಾ. ಇಲ್ಲ, ಆಫೀಸಿನ ಹುಡುಗಿ ಬಸುರಿ, ಅವಳಿಗೆ ಅಂದೆ. ಆಕೆ ಪೊಟ್ಟಣ ಹಿಂದಕ್ಕೆಳೆದುಕೊಂಡಳು.

"ಅಯ್ಯ, ಬಸುರಿಗೆ ಕೊಡಬ್ಯಾಡ್ರಿ, ಉಷ್ಣ ಆಗ್ತದ. ನಮ್ಮ ಕಡೆ ಹಡದಾಕಿಗೇ ಕೊಡೋದು."

ಹಡೆದವಳಿಗೆ... ಅಂದರೆ ಅಕ್ಕನಿಗೆ ಗೊತ್ತಿತ್ತು. ದುಪಟ್ಟಾದಿಂದ ಬರುತ್ತಿದ್ದ ಹಾಲಿನ ವಾಸನೆಯೇ ಸಾಕಾಗಿರಬೇಕು. ಗೊತ್ತಿದ್ದೂ ಮೂರು ತಿಂಗಳು ಆ ಮೊಣಕಾಲಿನಲ್ಲಿ ನಿಂತರು.

ಒಂದೇ ಒಂದು ಉಂಡೆ ಕೊಂಡು, ಠಾಣೆ ಸ್ಟೇಷನ್ನಿನಲ್ಲಿ ನಿಂತು ತಿಂದೆ. ನಾಚಿಕೆಗಿಂತ ಹೆಚ್ಚಾಗಿ ಸುಸ್ತಾಯಿತು. ಯಾರನ್ನೆಂದು ಹುಡುಕಲಿ, ಅವರ ಹೆಸರನ್ನೂ ಕೇಳದೆ ಓಡಿಬಂದವಳು ನಾನು...